ಎದೆಯೊಳಗಿನ ಎರಡು ಗುಂಡು

ಅರವತ್ತರ ದಶಕದಲ್ಲಿ ನಾನು ಬರೋಡಾದ ವಿಮಾ ಕಚೇರಿಯಲ್ಲಿದ್ದೆ. ಸೈನ್ಯ ಬಿಟ್ಟು ಪತ್ತೇದಾರಿ ಕಾದಂಬರಿಕಾರರಾಗಿದ್ದ ನಮ್ಮ ಕಡೆಯವರೊಬ್ಬರು ಪಾಲಿಸಿ ಮಾಡಿಸಲು ಬಂದರು. ಅವರ ಪ್ರತಿ ಪುಸ್ತಕದ ಹಿಂದೆಯೂ ‘ಎದೆಯಲ್ಲಿ ಇಂದಿಗೂ ಎರಡು ಗುಂಡು ಹೊತ್ತ ವೀರ’ ಎಂದು ಅಚ್ಚಾಗಿರುತ್ತಿತ್ತು. ಅರ್ಜಿಯಲ್ಲಿ ಗಾಯದ ಕಾಲಮ್ಮಿನ ಎದುರು ಮಾತ್ರ ‘ಇಲ್ಲ’ ಎಂದು ಬರೆದಿದ್ದರು.

“ಗುಂಡು ಎಲ್ಲಿ ಹೋದವು ಸ್ವಾಮಿ?” ಎಂದೆ.

“ಅದನ್ನು ಬರೆದರೆ ಪಾಲಿಸಿ ಕೊಡ್ತೀರಾ?”

“ಕಷ್ಟ.”

ಅವರು ದನಿ ತಗ್ಗಿಸಿದರು. “ನಾನಿದ್ದದ್ದು ಉಗ್ರಾಣದಲ್ಲಿ ರಾಯರೇ, ಅಕ್ಕಿ ಬೇಳೆ ತೂಗ್ತಿದ್ದೆ. ಗುಂಡೆಲ್ಲ ಓದುಗರಿಗೆ.”

ಸೈನಿಕರಿಗೆ ಅನ್ನ ಅಳೆದುಕೊಟ್ಟ ಪುಣ್ಯದ ಕೆಲಸ ಈ ಮಹಾನುಭಾವರಿಗೆ ನಾಚಿಕೆ, ಸುಳ್ಳು ಅಚ್ಚುಹಾಕಿಸುವುದು ಹೆಮ್ಮೆ! ಪಾಲಿಸಿಗಾಗಿ ತಪಾಸಣೆ ಮಾಡಿದ ನಮ್ಮ ಡಾಕ್ಟರಿಗೂ ಅವರ ಮೈಮೇಲೆ ಒಂದು ಗೀರು ಸಿಗಲಿಲ್ಲ. ಪಾಲಿಸಿ ಆಯಿತು.

“ಮುಂದಿನ ಕಾದಂಬರಿಗೆ ನೀವೇ ನಾಯಕರು!” ಎಂದರು ಸಂತೋಷದಿಂದ.

“ಬೇಡ ಸ್ವಾಮಿ,” ಎಂದೆ. “ನಿಮ್ಮ ಕೈಯಲ್ಲಿ ನನಗೆಷ್ಟು ಗುಂಡು ಬೀಳುತ್ತವೋ ದೇವರೇ ಬಲ್ಲ. ನಾನಿನ್ನೂ ಪಾಲಿಸಿ ಮಾಡಿಸಿಲ್ಲ.”