ನಮ್ಮತ್ತಿಗೆ ಶಾಲೆಯ ಕಡೆಯ ವಕೀಲೆಯಾದದ್ದು

ನಮ್ಮತ್ತಿಗೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಅಣ್ಣನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಅವಳು ಭೂಗೋಳದ ಟೀಚರು. ಬಂದ ಮಾರನೆಯ ವಾರವೇ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಯಾವುದು ಎಲ್ಲಿರಬೇಕೆಂದು ಅಮ್ಮನಿಗೇ ಪಾಠ ಮಾಡಿದವಳು. ಅಂಥವಳು ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜಿಗೆ ಸೇರಿ ಕಾನೂನು ಓದುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ಶಿಕ್ಷಣದ ಕಾನೂನು ಎಂದಾಗ ಮಾತ್ರ ಅಣ್ಣ ಕೈಯಲ್ಲಿದ್ದ ಪೇಪರು ಕೆಳಗಿಟ್ಟ.

"ಅದನ್ನ ಓದಿ ಏನಾಗ್ತೀಯೇ?"

"ಬೇಕಾದಷ್ಟು ಆಗಬಹುದು ರೀ. ಮಕ್ಕಳ ಕಡೆ ವಾದ ಮಾಡಬಹುದು. ಕೆಲಸ ಕಳ್ಕೊಂಡ ಮೇಷ್ಟ್ರುಗಳ ಕೇಸು ಹಿಡೀಬಹುದು. ಇಲಾಖೇಲಿ ನಿಯಮ ಬರೆಯೋಕೆ ಜನ ಬೇಕು, ಯೂನಿವರ್ಸಿಟಿಗೆ ಸಲಹೆಗಾರರು ಬೇಕು. ಏನೂ ಸಿಗ್ಲಿಲ್ಲ ಅಂದ್ರೆ ಕಾನೂನು ಕಾಲೇಜಲ್ಲೇ ಪಾಠ ಮಾಡ್ತೀನಿ."

"ಅಂತೂ ಪಾಠ ಮಾಡೋದು ಬಿಡಲ್ಲ" ಎಂದೆ ನಾನು, ಹೊಲಿಗೆ ಮಿಷನ್ನಿನ ಹಿಂದಿನಿಂದ.

ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸುತ್ತಲಿನ ಶಾಲೆಗಳ ಯೂನಿಫಾರಂ ಹೊಲಿಯುತ್ತೇನೆ. ಅತ್ತಿಗೆ ಓದಲು ಕೂರುತ್ತಿದ್ದದ್ದೂ ಅಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಒಂದು ಮೂಲೆಯಲ್ಲಿ. ಅವಳಿಗೆ ಮನಸ್ಸಿನಲ್ಲೇ ಓದಿದರೆ ತಲೆಗೆ ಹತ್ತುವುದಿಲ್ಲ. ಮಗುವನ್ನು ಯಾವ ಕಾರಣಕ್ಕೆ ಶಾಲೆಯಿಂದ ತೆಗೆಯಬಾರದು, ಮೇಷ್ಟ್ರನ್ನು ವಿಚಾರಣೆ ಇಲ್ಲದೆ ಮನೆಗೆ ಕಳಿಸಬಹುದೇ, ಇದೆಲ್ಲ ನನಗೂ ಬಾಯಿಪಾಠವಾಯಿತು. ಒಂದು ಸಲ ಕಾಲರಿಗೆ ಹಾಕಬೇಕಾದ ಬಟ್ಟೆಯನ್ನು ಜೇಬಿಗೆ ಹಾಕಿ ಹೊಲಿದಿದ್ದೆ. ಅದಕ್ಕೆ ಅವಳ ಸೆಕ್ಷನ್ನುಗಳೇ ಹೊಣೆ.

ಕಾಲೇಜಿನಲ್ಲಿ ಅಣಕು ನ್ಯಾಯಾಲಯ ನಡೆದ ದಿನ ನಾನೂ ನೋಡಲು ಹೋಗಿದ್ದೆ. ಜಡ್ಜಿಯಾಗಿ ಕೂತಿದ್ದವರು ಅವಳ ಪ್ರೊಫೆಸರು. ವಾದದ ನಡುವೆ ಅವರು ಏನೋ ಕೇಳಿದರು. ಇಪ್ಪತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? "ಮಧ್ಯ ಮಾತಾಡಬಾರದು, ಕೈ ಎತ್ತಿ ಕೇಳಬೇಕು" ಎಂದುಬಿಟ್ಟಳು. ಪಾಪ, ಪ್ರೊಫೆಸರು ಕೈ ಎತ್ತಿದರು. ನಗುವಿನ ನಡುವೆ ಎದುರು ಪಕ್ಷದ ಹುಡುಗಿ ವಾದ ಗೆದ್ದುಕೊಂಡು ಹೋದಳು. ಕಡ್ಡಿಯಂತಿದ್ದ ಆ ಹುಡುಗಿಯ ಮುಂದೆ ಅತ್ತಿಗೆ ಒಮ್ಮೆಯೂ ಗೆದ್ದವಳಲ್ಲ.

ಪದವಿ ಸಿಕ್ಕ ಮೇಲೆ ಅವಳು ಸೇರಿದ್ದು ಪಕ್ಕದ ಬೀದಿಯ ದೊಡ್ಡ ಶಾಲೆಗೆ, ಕಾನೂನು ಸಲಹೆಗಾರ್ತಿಯಾಗಿ. ನನಗೆ ರೇಗಿಹೋಯಿತು.

"ಮಕ್ಕಳ ಕಡೆ ನಿಲ್ತೀನಿ ಅಂತ ಹೇಳ್ತಿದ್ದೆ, ಈಗ ನೋಡಿದ್ರೆ ಆಡಳಿತದೋರ ಪಕ್ಕ ಕುರ್ಚಿ ಹಾಕ್ಕೊಂಡೆ!"

"ಕೇಸು ಗೆಲ್ಲೋದು ಒಂದು ಕೆಲಸ. ಕೇಸೇ ಆಗದ ಹಾಗೆ ನೋಡ್ಕೊಳ್ಳೋದು ಇನ್ನೊಂದು ಕೆಲಸ ಕಣೇ" ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲು ಚೆನ್ನಾಗಿ ಕಲಿತಿದ್ದಾಳೆ ಅಂದುಕೊಂಡೆ.

ಅವಳು ಸೇರಿ ತಿಂಗಳಾಗಿರಬೇಕು, ಒಂದು ಭಾನುವಾರ ಬೆಳಿಗ್ಗೆ ಬಸ್ ಡ್ರೈವರೊಬ್ಬ ನಮ್ಮ ಬಾಗಿಲಿಗೆ ಬಂದ. ಅವನ ಮಗಳ ಲಂಗವನ್ನು ಹೊಲಿದವಳು ನಾನೇ, ಅದೇ ಶಾಲೆಯ ನಾಲ್ಕನೇ ಕ್ಲಾಸಿನ ಹುಡುಗಿ. ಅವಳಿಗೆ ಆಗಾಗ ಮೂರ್ಛೆ ಬರುತ್ತದೆ. ಹಿಂದಿನ ವಾರ ಕ್ಲಾಸಿನಲ್ಲೇ ಬಂದಿತ್ತಂತೆ. ಪೂರ್ತಿ ಗುಣವಾಗುವ ತನಕ ಕಳಿಸಬೇಡಿ ಎಂದು ಶಾಲೆಯವರು ಹೇಳಿದ್ದರು. ಅದು ಯಾವತ್ತಿಗೆ ಗುಣವಾಗುತ್ತದೋ ಡಾಕ್ಟರಿಗೂ ಗೊತ್ತಿರಲಿಲ್ಲ. ಹುಡುಗಿ ಮನೆಯಲ್ಲಿ ಯೂನಿಫಾರಂ ತೊಟ್ಟುಕೊಂಡು ಕಿಟಕಿಯ ಹತ್ತಿರ ಕೂರುತ್ತಾಳೆ ಎಂದು ನನಗೆ ಹೇಳುತ್ತ ಅವನು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಅತ್ತಿಗೆ ಹೊರಗೆ ಬಂದಳು.

"ಮೇಡಂ, ನನ್ನ ಮಗಳನ್ನ..."

"ನಿಲ್ಲಿಸಿ" ಎಂದಳು ಅತ್ತಿಗೆ, ಕಡ್ಡಿ ಮುರಿದ ಹಾಗೆ. "ನನ್ನ ಹತ್ರ ಒಂದು ಮಾತೂ ಹೇಳಬೇಡಿ. ನಾನು ಶಾಲೆ ಕಡೆಯವಳು."

ಅವನ ಮುಖ ಕಪ್ಪಿಟ್ಟಿತು. ಅತ್ತಿಗೆ ಒಂದು ಚೀಟಿಯಲ್ಲಿ ವಿಳಾಸ ಬರೆದು ಅವನ ಕೈಗಿಟ್ಟಳು. "ಇವರನ್ನ ನೋಡಿ. ನಾನು ಇವರ ಎದುರು ಒಂದ್ಸಲನೂ ಗೆದ್ದಿಲ್ಲ" ಎಂದು ಒಳಗೆ ಹೋದಳು. ಅದೇ, ಅಣಕು ನ್ಯಾಯಾಲಯದ ಕಡ್ಡಿಯಂತಿದ್ದ ಹುಡುಗಿ, ಈಗ ಅವಳೂ ವಕೀಲೆ.

ಅವನು ಹೋದ ಮೇಲೆ ನಾನು ಅಡುಗೆಮನೆಗೆ ನುಗ್ಗಿದೆ. "ಕಲ್ಲುಮನಸ್ಸು ನಿಂದು! ಕೂತ್ಕೊಳ್ಳಿ ಅನ್ನೋಕೂ ಆಗ್ಲಿಲ್ವಾ?"

ಅತ್ತಿಗೆ ಸಿಂಕಿನ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. "ಅವರು ಮನಸ್ಸು ಬಿಚ್ಚಿ ಹೇಳಿದ್ದನ್ನ ನಾನು ಕೇಳಿಸ್ಕೊಂಡು, ನಾಳೆ ಎದುರು ಪಕ್ಷದಲ್ಲಿ ಕೂತ್ಕೊಂಡ್ರೆ ಅದು ಮೋಸ ಆಗುತ್ತೆ. ಅವರಿಗೆ ಅವರದೇ ವಕೀಲರು ಬೇಕು." ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. ಅದಾದ ಮೇಲೆ ಶಾಲೆಯ ವಿಷಯದಲ್ಲಿ ಅವಳ ಬಾಯಿಗೆ ಬೀಗ. ಈಗಲೂ ಹೇಳುತ್ತೇನೆ, ನಿಯಮ ಏನೇ ಇರಲಿ, ಅವನಿಗೆ ಒಂದು ಲೋಟ ನೀರು ಕೊಡಬಹುದಿತ್ತು.

ಒಳಗೆ ನಡೆದದ್ದು ನನಗೆ ತಿಳಿದದ್ದು ಆ ಹುಡುಗಿಯ ಕ್ಲಾಸ್ ಟೀಚರಿಂದ, ಅದೂ ಎಲ್ಲ ಮುಗಿದ ಮೇಲೆ, ಅವಳು ಅಳತೆ ಕೊಡಲು ಬಂದಾಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಹೇಳಿ ಎಂದು ಆಡಳಿತದವರು ಕೇಳಿದರಂತೆ. ಕಾಯಿಲೆಯ ಕಾರಣಕ್ಕೆ ಮಗುವನ್ನು ಹೊರಗಿಡುವ ಹಾಗಿಲ್ಲ, ಕೋರ್ಟಿಗೆ ಹೋದರೆ ನೀವೇ ಸೋಲುತ್ತೀರಿ ಎಂದು ಅತ್ತಿಗೆ ಮೊದಲೇ ಹೇಳಿದಳಂತೆ. ಆಮೇಲೆ ಸ್ಟಾಫ್ ರೂಮಿಗೆ ಬಂದು ಕುರ್ಚಿ ಎಳೆದುಕೊಂಡು ಕೇಳಿದಳಂತೆ: "ನಿಜ ಹೇಳಿ, ನಿಮಗೇನು ಭಯ?"

"ನಾನು ಅತ್ತುಬಿಟ್ಟೆ ಅಕ್ಕಾ" ಎಂದಳು ಟೀಚರು. "ಆ ಮಗು ಬಿದ್ದಾಗ ಏನ್ಮಾಡಬೇಕು ಅಂತಾನೇ ಗೊತ್ತಾಗ್ಲಿಲ್ಲ. ಕೈಕಾಲು ಅದುಮಿ ಹಿಡ್ಕೊಂಡೆ. ಏನಾದ್ರೂ ಆಗಿದ್ರೆ ನನ್ನ ತಲೆಗೇ ಕಟ್ತಿದ್ರು. ಅದಕ್ಕೇ ಬರೋದು ಬೇಡ ಅಂದಿದ್ದು ನಾನೇ."

ಅತ್ತಿಗೆ ಅವಳನ್ನು ಬೈಯಲಿಲ್ಲ. ಡಾಕ್ಟರನ್ನು ಶಾಲೆಗೇ ಕರೆಸಿದಳು. ಪಕ್ಕಕ್ಕೆ ಹೊರಳಿಸಬೇಕು, ಕಾಲರು ಸಡಿಲ ಮಾಡಬೇಕು, ಬಾಯಿಗೆ ಏನೂ ಹಾಕಬಾರದು, ಅದುಮಿ ಹಿಡಿಯಬಾರದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಫೋನ್ ಮಾಡಬೇಕು. ಎಲ್ಲರೂ ಕಲಿಯುವ ತನಕ ಬಿಡಲಿಲ್ಲ. ನೆಲದ ಮೇಲೆ ಮಲಗಿ ತೋರಿಸುವ ಪಾತ್ರ ಪ್ರಿನ್ಸಿಪಾಲರದು. ಅವರು ಕೋಟು ಬಿಚ್ಚಿಟ್ಟು ಮಲಗಿದರಂತೆ. ಕಡ್ಡಿ ವಕೀಲೆಯ ನೋಟಿಸು ಬರುವಷ್ಟರಲ್ಲಿ ಹುಡುಗಿಯನ್ನು ಕಳಿಸಿ ಎಂದು ಶಾಲೆಯೇ ಹೇಳಿ ಕಳಿಸಿತ್ತು.

ಹುಡುಗಿ ಮತ್ತೆ ಬರತೊಡಗಿದ ಮೇಲೆ ಒಂದು ಮಧ್ಯಾಹ್ನ ನಾನು ಅಳತೆ ತೆಗೆಯಲು ಆ ಶಾಲೆಗೆ ಹೋಗಿದ್ದೆ. ವರಾಂಡದಲ್ಲಿ ಡ್ರೈವರು ಓಡಿ ಬಂದ. ಮಗಳಿಗೆ ಮತ್ತೆ ಮೂರ್ಛೆ ಬಂದಿತ್ತು, ಮೈ ಸರಿಹೋಗಿದೆ ಎಂದು ಶಾಲೆಯವರು ಫೋನ್ ಮಾಡಿ ತಿಳಿಸಿದ್ದರು. ಅವನು ಕೇಳಿಸಿಕೊಂಡದ್ದು ಮೊದಲ ಅರ್ಧ ಮಾತ್ರ. ಖಾಕಿ ಶರಟು ಬೆವರಿನಲ್ಲಿ ತೊಯ್ದಿತ್ತು. ಅತ್ತಿಗೆಯೂ ಆಫೀಸು ರೂಮಿನಿಂದ ಎದ್ದು ಬಂದು ನನ್ನ ಪಕ್ಕ ನಿಂತಳು, ನನ್ನ ಮುಂಗೈ ಬಿಗಿಯಾಗಿ ಹಿಡಿದಳು.

ಕ್ಲಾಸಿನಲ್ಲಿ ಹುಡುಗಿ ಗೋಡೆಗೊರಗಿ ಕೂತು ನೀರು ಕುಡಿಯುತ್ತಿದ್ದಳು. ಪಕ್ಕದವಳು ಅವಳಿಗೂ ಸೇರಿಸಿ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಡ್ರೈವರು ಬಾಗಿಲಲ್ಲೇ ನಿಂತು, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಕೇಳಿದ.

"ಟೀಚರ್, ಬ್ಯಾಗ್ ಕೊಡಿ. ಕರ್ಕೊಂಡು ಹೋಗ್ತೀನಿ."

ಅದೇ ಟೀಚರು ಬೋರ್ಡಿನ ಕಡೆಯಿಂದ ತಿರುಗಿ ನೋಡಿದಳು. ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು.

"ಯಾಕೆ?" ಎಂದಳು.