ಸುಣ್ಣ ಸುಟ್ಟ ಕಲೆ

ನಾನು ಬರೆದ ಸಂಶೋಧನಾ ಲೇಖನಗಳಲ್ಲಿ ವೈದ್ಯರು ಹೆಚ್ಚು ಓದಿದ್ದು ಸ್ಕ್ರಬ್ ಟೈಫಸ್ ಕುರಿತಾದದ್ದು. ಪೊದೆ, ಹುಲ್ಲಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವ ಜ್ವರ ಅದು. ಕಚ್ಚಿದ ಜಾಗದಲ್ಲಿ ಎಷ್ಟೋ ಜನರಿಗೆ ಬೀಡಿಯಿಂದ ಸುಟ್ಟಂಥ ಕಪ್ಪು ಕಲೆ ಏಳುತ್ತದೆ. ಅದು ಕಂಡರೆ ರಕ್ತದ ವರದಿಗೆ ಕಾಯಬೇಕಾಗಿಲ್ಲ, ಎಲ್ಲ ಕಡೆ ಸಿಗುವ ಮಾತ್ರೆಯನ್ನು ಅಂದೇ ಶುರು ಮಾಡಬಹುದು. ತಡವಾದರೆ ಶ್ವಾಸಕೋಶ, ಮೂತ್ರಪಿಂಡ ಎರಡೂ ಕೈಕೊಡುತ್ತವೆ.

ಎರಡು ಮಳೆಗಾಲ ಪುತ್ತೂರಿನಿಂದ ಸುಳ್ಯಕ್ಕೆ, ಕಡಬಕ್ಕೆ ಓಡಾಡಿ ಜ್ವರದವರನ್ನು ಪರೀಕ್ಷಿಸಿ ನಮೂನೆ ತುಂಬಿದೆ. ದನಕ್ಕೆ ಹುಲ್ಲು, ಹಟ್ಟಿಯಲ್ಲಿ ಹಾಸಲು ಸೊಪ್ಪು ತರುವ ಹೆಂಗಸರೇ ಹೆಚ್ಚು. ಸೊಂಟದಲ್ಲೋ ಬೆನ್ನಲ್ಲೋ ಕಪ್ಪಗೆ ಏನಾದರೂ ಕಂಡರೆ "ಇದೆಂತ?" ಎಂದು ಕೇಳುತ್ತಿದ್ದೆ. "ಅದು ಸುಣ್ಣ ಸುಟ್ಟದ್ದು ಡಾಕ್ಟ್ರೆ" ಎನ್ನುತ್ತಿದ್ದರು. ಹುಳ ಹುಪ್ಪಟೆ ಕಚ್ಚಿ ತುರಿಸಿದರೆ ಎಲೆಯಡಿಕೆಯ ಸುಣ್ಣ ಹಚ್ಚುವುದು ನಮ್ಮ ಕಡೆಯ ರೂಢಿ. ಹೆಚ್ಚಾದರೆ ಚರ್ಮ ಸುಡುತ್ತದೆ. ಅಂಥ ಕಲೆಗಳನ್ನು ನಾನು ನನ್ನ ಅಮ್ಮನ ಕೈಯಲ್ಲೇ ನೋಡಿದ್ದೆ. ಊರಿನ ಸಂಗತಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಬೇರೆ. ನಮೂನೆಯ ಅಂಚಿನಲ್ಲಿ "ಸುಣ್ಣ" ಎಂದು ಗೀಚಿ, ಕಪ್ಪು ಕಲೆಯ ಕಾಲಮಿನಲ್ಲಿ "ಇಲ್ಲ" ಎಂದು ಬರೆದೆ. ಲೇಖನದಲ್ಲಿ ಅದು ಒಂದು ವಾಕ್ಯವಾಯಿತು: ಈ ಪ್ರದೇಶದ ಹೆಂಗಸರಲ್ಲಿ ಕಪ್ಪು ಕಲೆ ಅಪರೂಪ. ಹೊಸದೇನೋ ಕಂಡುಹಿಡಿದೆನೆಂದು ಹಿಗ್ಗಿದ್ದೆ.

ಲೇಖನ ಅಚ್ಚಾದ ಮರುವರ್ಷ ಕಡಬದ ಕಡೆಯ ಹೆಂಗಸೊಬ್ಬರನ್ನು ಪುತ್ತೂರಿನ ನಮ್ಮ ಆಸ್ಪತ್ರೆಗೆ ತಂದರು. ಜ್ವರ ಬಂದು ವಾರ ದಾಟಿತ್ತು, ಏದುಸಿರು ಬಿಡುತ್ತಿದ್ದರು. ಕಡಬದಲ್ಲಿ ಅವರನ್ನು ಮೊದಲು ನೋಡಿದ್ದ ಯುವ ವೈದ್ಯರು ಫೋನ್ ಮಾಡಿದರು.

"ಬೆನ್ನಲ್ಲಿ ಒಂದು ಕಲೆ ಉಂಟು ಮೇಡಂ. ಸುಣ್ಣದ್ದು ಅಂತ ಹೇಳಿದ್ರು. ನಿಮ್ಮ ಪೇಪರ್ ಓದಿದ್ದೆನಲ್ಲ, ಹಾಗೆ ರಿಪೋರ್ಟ್ ಬರ್ಲಿ ಅಂತ ಕಾದೆ."

ಆಕೆಯನ್ನು ಮಗ್ಗುಲಿಗೆ ಹೊರಳಿಸಿ ನೋಡಿದೆ. ಒಣಗಿದ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕೂಡಲೇ ಮದ್ದು ಶುರು ಮಾಡಿದೆವು. ಮೂರನೇ ದಿನ ಅವರು ತೀರಿಕೊಂಡರು.

ಅವರ ಗಂಡ ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರು. ವಾರ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು.

"ಅವಳ ಕೈ ಬೆನ್ನಿಗೆ ಎತ್ತುದಿಲ್ಲ. ಸುಣ್ಣ ಹಚ್ಚಿದ್ದು ನಾನು. ಅದರಿಂದ ಹೋದದ್ದಾ ಡಾಕ್ಟ್ರೆ?"

"ಇಲ್ಲ, ಸುಣ್ಣದಿಂದ ಯಾರೂ ಸಾಯುದಿಲ್ಲ" ಎಂದೆ. ಅಷ್ಟು ಹೇಳಿ ಜಾರಿಕೊಂಡೆ. ಅವರು ನಂಬಲಿಲ್ಲವೆಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು.

ಹಳೆಯ ನಮೂನೆಗಳನ್ನು ತೆಗೆದು ನೋಡಿದೆ. ಎಷ್ಟೊಂದು ಹಾಳೆಗಳ ಅಂಚಿನಲ್ಲಿ ನನ್ನದೇ ಕೈಬರಹದ "ಸುಣ್ಣ"! ಆ ಹಾಳೆಗಳಲ್ಲಿದ್ದ, ಜ್ವರದಿಂದ ಪಾರಾಗಿದ್ದ ಒಬ್ಬಾಕೆಯನ್ನು ಹುಡುಕಿಕೊಂಡು ಸುಳ್ಯದ ಕಡೆಯ ಮರ್ಕಂಜಕ್ಕೆ ಹೋದೆ. ಸುಣ್ಣ ಹಚ್ಚುವ ಮೊದಲೇ ಅಲ್ಲಿ ಏನಾದರೂ ಇತ್ತೇ ಎಂದು ಕೇಳಿದೆ.

"ಎಂತ ಮಾರಾಯ್ರೆ, ಎಂತದೂ ಕಚ್ಚದೆ ಸುಣ್ಣ ಹಾಕುವವರು ಉಂಟಾ? ಕಪ್ಪಾಗಿತ್ತು, ಅದರ ಮೇಲೆ ಹಚ್ಚಿದ್ದು."

"ನನಗೆ ಹೇಳಲಿಲ್ಲವಲ್ಲ?"

"ನೀವು 'ಸುಣ್ಣವಾ' ಅಂತ ಹೇಳಿ ಬರ್ಕೊಂಡು ಎದ್ದು ಹೋದ್ರಿ."

ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಲೇಖನ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಬರೆದೆ. ನನ್ನೊಡನೆ ಆ ಲೇಖನ ಬರೆದಿದ್ದ ಹಿರಿಯ ವೈದ್ಯರು "ಎಲ್ಲರೂ ಒಪ್ಪಿ ಅಚ್ಚಾದದ್ದನ್ನು ಯಾಕೆ ಕೆದಕುದು?" ಎಂದು ಗೊಣಗಿದರು. ಆದರೂ ಕಳಿಸಿದೆ, ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಕಡಬದ ವೈದ್ಯರಿಗೆ ನನ್ನ ತಪ್ಪನ್ನು ಫೋನಿನಲ್ಲಿ ಹೇಳಿದೆ. ಆದರೆ ಆ ನಾಲ್ಕು ಸಾಲನ್ನು ಆಕೆಯ ಗಂಡ ಎಂದೂ ಓದುವವರಲ್ಲ. ಒಂದು ಮಧ್ಯಾಹ್ನ ಕಡಬದಿಂದ ಜೀಪು ಹಿಡಿದು ಅವರ ಮನೆಗೆ ಹೋದೆ.

ಅವರು ರಬ್ಬರ್ ಶೀಟುಗಳನ್ನು ಒಣಹಾಕುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಶೀಟನ್ನು ಕೆಳಗಿಟ್ಟರು.

"ಅಂದ್ರೆ, ನೀವು ಸರಿ ಬರೆದಿದ್ರೆ ಕಡಬದ ಡಾಕ್ಟ್ರು ಅವತ್ತೇ ಮದ್ದು ಕೊಡ್ತಿದ್ರಾ?"

"ಕೊಡ್ತಿದ್ರು."

"ಅವಳು ಬದುಕ್ತಿದ್ಳಾ?"

ಖಚಿತವಾಗಿ ಹೇಳಲಾಗದು ಎಂಬ ಉತ್ತರ ವೈದ್ಯರ ಬಾಯಲ್ಲಿ ಸದಾ ಸಿದ್ಧವಿರುತ್ತದೆ. ಅದು ಸುಳ್ಳೂ ಅಲ್ಲ. ಆದರೆ ಆ ದಿನ ಅದರ ಹಿಂದೆ ಅಡಗಿಕೊಳ್ಳಲು ಮನಸ್ಸಾಗಲಿಲ್ಲ.

"ಬದುಕ್ತಿದ್ರು ಅಂತಲೇ ನನಗೆ ಕಾಣ್ತದೆ" ಎಂದೆ.

ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ತಮ್ಮ ಕೈಗಳನ್ನು ನೋಡಿಕೊಂಡರು.

"ಹಾಗಾದ್ರೆ ನಾನಲ್ಲ" ಎಂದರು.

ಆಮೇಲೆ ಅಲ್ಲೇ ನೆಲಕ್ಕೆ ಕುಳಿತು ಗಟ್ಟಿಯಾಗಿ ಅತ್ತರು. ನನಗೆ ಹೋಗಿ ಎಂದೂ ಹೇಳಲಿಲ್ಲ, ಕೂತ್ಕೊಳ್ಳಿ ಎಂದೂ ಹೇಳಲಿಲ್ಲ.