ಹಿಂದಡಿ ಇಡುವ ವಿದ್ಯೆ

ಉಣ್ಣೆಯ ಕಾಲುಚೀಲ ಹಾಕಿಕೊಂಡರೆ ಅಡುಗೆಮನೆಯ ನೆಲದ ಮೇಲೆ ಪಾದ ಸೊಗಸಾಗಿ ಜಾರುತ್ತದೆ. ಅಮೆರಿಕದ ಕ್ಯಾಂಟನ್ನಿನ ನಮ್ಮ ಮನೆಯಲ್ಲಿ, ಫ್ರಿಜ್ಜಿಗೂ ಡಿಶ್‌ವಾಷರಿಗೂ ನಡುವಿನ ಇಕ್ಕಟ್ಟಿನಲ್ಲಿ, ನಾನೂ ನನ್ನ ಗಂಡ ಪ್ರಕಾಶರೂ ಒಂದು ಶರತ್ಕಾಲದ ಸಂಜೆಗಳನ್ನೆಲ್ಲ ಹೀಗೆ ಜಾರುತ್ತ, ಟ್ಯಾಂಗೊ ಎಂಬ ಜೋಡಿನೃತ್ಯ ಕಲಿಯುತ್ತ ಕಳೆದೆವು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು.

ನೀವು ನಗುವ ಮೊದಲು ಕಾರಣ ಹೇಳಿಬಿಡುತ್ತೇನೆ. ಷಿಕಾಗೊ ಕಡೆಯ ಕನ್ನಡಿಗರು ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ನಡೆಸುವ ರಾಜ್ಯೋತ್ಸವಕ್ಕೆ ನಾವು ಪ್ರತಿವರ್ಷ ಹೋಗುತ್ತಿದ್ದೆವು. ಪ್ರತಿವರ್ಷವೂ ನಾನು ಪರದೆಯ ಹಿಂದೆ ನಿಂತು ಊರಿನವರ ಹೆಣ್ಣುಮಕ್ಕಳ ಸೀರೆಗೆ ಪಿನ್ನು ಹಾಕುತ್ತಿದ್ದೆ. ಎಷ್ಟೋ ನೃತ್ಯಗಳ ಬೆನ್ನು ಮಾತ್ರ ಕಂಡವಳು ನಾನು. ಆ ವರ್ಷ ಧೈರ್ಯ ಮಾಡಿ ನಮಗೂ ಒಂದು ಐಟಂ ಕೊಡಿ ಎಂದೆ. ಕೋಲಾಟ, ಫ್ಯಾಷನ್ ಶೋ ಎಲ್ಲ ಆಗಲೇ ಹಂಚಿಹೋಗಿದ್ದವು. ಟ್ಯಾಂಗೊ ಯಾರಿಗೂ ಬೇಕಿರಲಿಲ್ಲ, ಅದನ್ನೇ ಕೇಳಿಕೊಂಡೆ.

“ಆಗ್ಲಮ್ಮ ಸುಮಾ, ಆದ್ರೆ ಕೆಡಿಸಿದ್ರೆ ಮುಂದಿನ ವರ್ಷ ಮತ್ತೆ ಪಿನ್ನಿನ ಡಬ್ಬಿ ನಿನ್ನ ಕೈಗೇ” ಎಂದರು ಕಾರ್ಯಕ್ರಮದ ಉಸ್ತುವಾರಿಯ ಸರೋಜಾ ಆಂಟಿ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ನಮಗೆ ಕಲಿಸಿದ್ದು ಟ್ಯಾಂಗೊ ಹುಟ್ಟಿದ ಬ್ಯೂನಸ್ ಐರಿಸ್‌ನಿಂದ ಬಂದು ನಮ್ಮೂರಲ್ಲೇ ನೆಲೆಸಿದ್ದ ಮಾರ್ತಾ ಎಂಬ ಹಿರಿಯ ಹೆಂಗಸು. ಈ ನೃತ್ಯಕ್ಕೆ ಬಾಯಿಪಾಠದ ಕ್ರಮವೇ ಇಲ್ಲ ಎಂಬುದು ಅವರ ಮೊದಲ ಪಾಠ. ಗಂಡಸು ಆ ಕ್ಷಣದಲ್ಲಿ ನಿರ್ಧರಿಸಿ, ಕೈಯಿಂದ ತಳ್ಳದೆ ಎದೆಯ ಚಲನೆಯಿಂದ ತಿಳಿಸಬೇಕು. ಹೆಂಗಸು ಅದು ತಿಳಿಯುವ ತನಕ ಕಾದು, ಆಮೇಲೆ ಬಹುಪಾಲು ಹಿಂದಕ್ಕೆ, ಏನನ್ನೂ ಕಾಣದೆ, ಹೆಜ್ಜೆ ಇಡಬೇಕು. ಆದರೆ ಬಾಯಿಪಾಠವಿಲ್ಲದ್ದನ್ನು ಐಟಂ ಎಂದು ಒಪ್ಪುವ ಕನ್ನಡಿಗರನ್ನು ನಾನಿನ್ನೂ ಕಂಡಿಲ್ಲ. ನಾವು ಹೆಜ್ಜೆಗಳಿಗೊಂದು ಕ್ರಮ ಕಟ್ಟಿ ಇಬ್ಬರೂ ಬೇರೆಬೇರೆಯಾಗಿ ಉರು ಹೊಡೆದೆವು. ಹೀಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಬ್ಬೊಬ್ಬರೇ ಕುಣಿಯತೊಡಗಿದೆವು, ನಡುವೆ ತೆಂಗಿನಕಾಯಿ ಹಿಡಿಸುವಷ್ಟು ಅಂತರ ಬಿಟ್ಟು. ನಾವು ಇದನ್ನು ಹೊಂದಾಣಿಕೆ ಎನ್ನುತ್ತಿದ್ದೆವು. ಮಾರ್ತಾ ಹಾಗೆನ್ನಲಿಲ್ಲ.

ಪ್ರಕಾಶ್ ಕಾರಿನ ಬ್ರೇಕು ವಿನ್ಯಾಸ ಮಾಡುವ ಇಂಜಿನಿಯರು. ಕುಣಿಯುವಾಗ ಕಣ್ಣು ಕಾಲಿನ ಮೇಲೆ, ಬಲವೆಲ್ಲ ತೋಳಿನಲ್ಲಿ.

“ಹಿಂದೆ ಹೋಗು, ಹಿಂದೆ!”

“ಹೋಗ್ತೀನಿ ರೀ, ತಳ್ಳಬೇಡಿ. ನಾನೇನು ಕೆಟ್ಟು ನಿಂತ ಕಾರಾ?”

“ಕಾರಾಗಿದ್ರೆ ಇಷ್ಟೊತ್ತಿಗೆ ಸ್ಟಾರ್ಟ್ ಆಗ್ತಿತ್ತು.”

ನನ್ನ ದೋಷ ಇನ್ನೂ ದೊಡ್ಡದು: ಊಹೆ. ಹಿಂದೆ ಮೈಸೂರಿನ ಪತ್ರಿಕೆಯೊಂದರಲ್ಲಿ ನಾನು ಮಾಡುತ್ತಿದ್ದ ಕೆಲಸವೇ ವರದಿಗಳಲ್ಲಿನ ಊಹೆಯನ್ನು ಹೊಡೆದುಹಾಕುವುದು. ಮನೆಯಲ್ಲಿ ಮಾತ್ರ ಊಹೆಯ ಮೇಲೆಯೇ ಸಂಸಾರ ನಡೆಸಿದ್ದೆ. ಪ್ರಕಾಶ್ ಕೇಳುವ ಮೊದಲೇ ಮಜ್ಜಿಗೆ ಬಡಿಸುವ, ಹುಡುಕುವ ಮೊದಲೇ ಕನ್ನಡಕ ತಂದುಕೊಡುವ ಈ ಗುಣವನ್ನು ಅತ್ತೆಯವರು ನಾಲ್ಕು ಜನರೆದುರು ಹೊಗಳಿದ್ದುಂಟು. ಪ್ರಕಾಶ್ ನೆನೆಯುವ ಮೊದಲೇ ಹೆಜ್ಜೆ ಇಟ್ಟುಬಿಡುತ್ತಿದ್ದ ಆ ಗುಣವೇ ಟ್ಯಾಂಗೊಗೆ ರೋಗ. ಅವನು ಹೇಳುವ ತನಕ ನಿನಗೇನೂ ಗೊತ್ತಿಲ್ಲ ಎಂದು ತಿಳಿ ಎಂದರು ಮಾರ್ತಾ.

ಈ ಶಿಸ್ತನ್ನು ನಾನು ಹಾಫ್‌ಮನ್ ಎಸ್ಟೇಟ್ಸ್‌ನ ದಾರಿಯಲ್ಲೇ ಆರಂಭಿಸಿದೆ. ಮಡಿಲಲ್ಲಿ ನಕ್ಷೆ ಇಟ್ಟುಕೊಂಡು, ತುಟಿ ಬಿಗಿದು ಕೂತೆ.

“ಅಯ್ಯೋ, ನಮ್ಮ ಎಕ್ಸಿಟ್ ಹೋಯ್ತಲ್ಲೇ! ಯಾಕೆ ಹೇಳ್ಲಿಲ್ಲ?”

“ನೀವು ಲೀಡ್ ಮಾಡ್ತಿದ್ರಲ್ಲ.”

“ಅದು ಡ್ಯಾನ್ಸಲ್ಲಿ ಕಣೇ, ಟೋಲ್‌ವೇನಲ್ಲಿ ಅಲ್ಲ!”

ಸುತ್ತಿ ಬಳಸಿ ತಲುಪುವಾಗ ಮೈಕಿನಲ್ಲಿ ನಮ್ಮ ಹೆಸರೇ ಕೇಳುತ್ತಿತ್ತು. ವೇದಿಕೆಯನ್ನು ಅಳೆದು ನೋಡುವ ಸಮಯವೂ ಸಿಗಲಿಲ್ಲ. ಅಲ್ಲಿ ತಾಯಿ ಭುವನೇಶ್ವರಿಯ ಪಟ, ಅದರ ಮುಂದೆ ಎದೆಮಟ್ಟದ ಹಿತ್ತಾಳೆಯ ದೀಪ. ಹಚ್ಚಿದ ದೀಪವನ್ನು ಕಾರ್ಯಕ್ರಮ ಮುಗಿಯುವ ತನಕ ಸರಿಸುವಂತಿಲ್ಲ. ದೂರದಲ್ಲಿದೆ ಎಂದುಕೊಂಡೆ. ರಾಜ್ಯೋತ್ಸವಕ್ಕೆ ಸೀರೆಯೇ ಆಗಬೇಕೆಂದು ಆಂಟಿ ಹಟ ಹಿಡಿದಿದ್ದರಿಂದ ನಾನು ಉಟ್ಟದ್ದು ಮೈಸೂರು ರೇಷ್ಮೆ, ಇಳಿಬಿಟ್ಟ ಸೆರಗು.

ಉರು ಹೊಡೆದ ಕ್ರಮದಲ್ಲೇ ಎಲ್ಲ ಸಾಗಿತ್ತು. ನಾನು ಉದ್ದಕ್ಕೆ ಹಿಂದಕ್ಕೆ ನಡೆಯುವ ಭಾಗ ಬಂತು, ಕಾಲು ಎತ್ತಿದೆ, ಪ್ರಕಾಶ್ ಬರಲಿಲ್ಲ. ನಿಂತುಬಿಟ್ಟಿದ್ದರು. ಮರೆತರು ಎಂದೇ ನನ್ನ ತಕ್ಷಣದ ತೀರ್ಪು. ನಾನೊಬ್ಬಳು ಮುಂದುವರಿದರೆ ಅವರನ್ನೂ ಎಳೆದುಕೊಂಡು ಮಾನ ಉಳಿಸಬಹುದಿತ್ತು. ನಿಂತರೆ ಸಭೆಯೆಲ್ಲ ನೋಡುತ್ತದೆ, ಮುಂದಿನ ವರ್ಷ ಪರದೆಯ ಹಿಂದೆಯೇ ಜಾಗ. ಆದರೆ ಇಷ್ಟು ದಿನ ತಳ್ಳುತ್ತಲೇ ಇದ್ದ ಆ ಕೈ ನನ್ನ ಬೆನ್ನ ಮೇಲೆ ಸುಮ್ಮನೆ ಇತ್ತು. ಅವರು ಕಾಲನ್ನು ನೋಡುತ್ತಿರಲಿಲ್ಲ, ನನ್ನ ಭುಜದಾಚೆ ಏನನ್ನೋ ನೋಡುತ್ತಿದ್ದರು. ಎತ್ತಿದ ಕಾಲನ್ನು ಇದ್ದಲ್ಲೇ ಇಳಿಸಿದೆ. ಸಂಗೀತ ನಮ್ಮನ್ನು ಬಿಟ್ಟು ಮುಂದೆ ಹೋಯಿತು, ನಾವು ನಿಂತೇ ಇದ್ದೆವು. ಆಮೇಲೆ ಅವರ ಎದೆ ನಿಧಾನವಾಗಿ ಬಲಕ್ಕೆ ತಿರುಗಿತು, ಅದರ ಜೊತೆ ನಾನೂ ತಿರುಗಿದೆ. ಆಗ ಕಂಡಿತು, ನಾನು ಹೆಜ್ಜೆ ಇಡಲಿದ್ದ ಜಾಗದ ಪಕ್ಕದಲ್ಲೇ, ಸೆರಗಿನ ಎತ್ತರಕ್ಕೆ, ಉರಿಯುತ್ತಿದ್ದ ಬತ್ತಿಗಳು. ಅಲ್ಲಿಂದಾಚೆ ನಾವು ಕುಣಿದದ್ದರಲ್ಲಿ ಬಾಯಿಪಾಠದ ಒಂದು ಹೆಜ್ಜೆಯೂ ಇರಲಿಲ್ಲ.

ಇಳಿದು ಬಂದಾಗ ಸರೋಜಾ ಆಂಟಿ ಕೈ ಹಿಡಿದುಕೊಂಡರು. “ಮಧ್ಯದಲ್ಲಿ ಹಾಗೇ ನಿಂತ್ರಲ್ಲ, ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು ಕಣಮ್ಮ. ಮುಂದಿನ ವರ್ಷಾನೂ ನಿಮ್ಮದೊಂದು ಇರ್ಲಿ. ಅದನ್ನ ಹೇಗೆ ಪ್ರಾಕ್ಟೀಸ್ ಮಾಡಿದ್ರಿ?”

ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಹೇಳಲಿಲ್ಲ, ನಾಲ್ಕು ಜನರೆದುರು ಪ್ರಕಾಶರೇ ಒಂದು ಒಳ್ಳೆಯ ಮಾತಾಡಲಿ ಎಂದು ಕಾದೆ.

ಪ್ರಕಾಶ್ ಬೆವರು ಒರೆಸಿಕೊಂಡು ಹೇಳಿದರು: “ಆಂಟಿ, ಆ ದೀಪ ಎರಡಡಿ ಹಿಂದಿಡಬೇಕಿತ್ತು.”